ಎಡಗಡೆಯದು ಹೋಯಿತು

ಬೆಳಿಗ್ಗೆ ಗಿರಣಿಯ ಷಟರ್ ಮೇಲೆತ್ತಿದ ಕೂಡಲೇ ಎಡಚಕ್ಕ ಮೊದಲು ಮಾಡುವುದು ಒಂದೇ ಕೆಲಸ. ಪೊರಕೆ ಹಿಡಿಯುವುದಕ್ಕೂ ಮುಂಚೆ, ತಕ್ಕಡಿ ಒರೆಸುವುದಕ್ಕೂ ಮುಂಚೆ, ಎರಡೂ ಯಂತ್ರಗಳನ್ನು ಚಾಲೂ ಮಾಡಿ, ಒಂದೊಂದರ ಮೈಮೇಲೂ ತನ್ನ ಎಡ ಅಂಗೈ ಊರಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಬಲಗಡೆಯ ಯಂತ್ರ ಮೆಣಸಿನಕಾಯಿಗೆ, ಎಡಗಡೆಯದು ಗೋಧಿ ಮತ್ತು ಬೇರೆ ಕಾಳುಗಳಿಗೆ. ಮೈಯಲ್ಲಿ ಜ್ವರವಿರಲಿ, ಮನೆಗೆ ನೆಂಟರು ಬಂದಿರಲಿ, ಬಾಗಿಲಲ್ಲಿ ಗಿರಾಕಿ ಗೊಣಗುತ್ತಿರಲಿ, ಅಂಗೈ ಇಡುವುದು ಮಾತ್ರ ತಪ್ಪುವುದಿಲ್ಲ. ತುಟಿ ಸಣ್ಣಗೆ ಅಲುಗುವುದರಿಂದ ನೋಡಿದವರು ಅದನ್ನು ಪ್ರಾರ್ಥನೆ ಅಂದುಕೊಳ್ಳುತ್ತಾರೆ. ಅರ್ಧ ನಿಜ. ‘ಇವತ್ತೂ ನಡೆಸಿಕೊಡು’ ಎಂದು ಅವಳು ಕೇಳಿಕೊಳ್ಳುವುದು ಹೌದು. ಅದು ಮುಗಿದ ಮೇಲೂ ಕೈ ತೆಗೆಯದೆ ನಿಂತಿರುತ್ತಾಳಲ್ಲ, ಆಗ ಅವಳು ಯಂತ್ರ ಹೇಗೆ ಓಡುತ್ತಿದೆ ಎಂದು ಕೇಳಿಸಿಕೊಳ್ಳುತ್ತಿರುತ್ತಾಳೆ. ಕಿವಿಯಿಂದಲ್ಲ, ಕೈಯಿಂದ.

ಏಕೆಂದರೆ ಎಡಚಕ್ಕನ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ಹಗಲೆಲ್ಲ ಕಲ್ಲು ತಿರುಗುವ ಸದ್ದು, ಬೆಲ್ಟಿನ ಸದ್ದು, ತಗಡಿನ ಮಾಡು ಅದುರುವ ಸದ್ದು. ಇಂಥ ಸದ್ದಿನೊಳಗೆ ಸಂಸಾರ ಮಾಡಿದ ಕಿವಿ ಒಂದು ದಿನ ತಾನಾಗಿಯೇ ಬಾಗಿಲು ಹಾಕಿಕೊಂಡಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಗಿರಣಿಗೆ ಬರುವವರೆಲ್ಲ ಆ ಗದ್ದಲದಲ್ಲಿ ಹೇಗೂ ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದರು. ಅವಳು ಅವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಎಷ್ಟು ಚೆನ್ನಾಗಿ ಹಿಡಿಯುತ್ತಿದ್ದಳೆಂದರೆ, ಬೀದಿಯ ಆಚೆ ಬದಿಯಲ್ಲಿ ಗಂಡ ಹೆಂಡತಿ ಪಿಸುದನಿಯಲ್ಲಿ ಜಗಳವಾಡಿದರೂ ಅವಳಿಗೆ ಗೊತ್ತಾಗುತ್ತಿತ್ತು. “ಆ ಎಡಚಕ್ಕನ ಕಿವಿ ಬಲು ಚುರುಕು” ಎಂದು ಬೀದಿ ಮಾತಾಡಿಕೊಳ್ಳುತ್ತಿತ್ತು. ಆ ಹೊಗಳಿಕೆಯನ್ನು ಅವಳು ಒಳಗೊಳಗೇ ನಕ್ಕು, ಹೊರಗೆ ಗಂಭೀರವಾಗಿ ಇಟ್ಟುಕೊಂಡಿದ್ದಳು.

ಎಡಚಕ್ಕ ಅನ್ನುವ ಹೆಸರು ಬಂದಿದ್ದು ಅವಳ ಎಡಗೈಯಿಂದ. ಅಳೆಯುವುದು, ಸುರಿಯುವುದು, ಕಟ್ಟುವುದು, ಎತ್ತುವುದು, ಎಲ್ಲಕ್ಕೂ ಅವಳಿಗೆ ಎಡಗೈಯೇ ಮುಂದು. ಮದುವೆಯಾಗಿ ಈ ಗಿರಣಿಮನೆಗೆ ಬಂದ ಹೊಸದರಲ್ಲಿ ಮಾವ ಮುಖ ಸಿಂಡರಿಸಿ, “ಎಡಗೈಲಿ ಕೊಟ್ಟ ಹಿಟ್ಟನ್ನ ಯಾರಮ್ಮ ಮನೆಗೆ ಒಯ್ತಾರೆ?” ಎಂದಿದ್ದರು. ಸೊಸೆ ತಲೆ ತಗ್ಗಿಸಿದಳು. ಅವಳ ಪರವಾಗಿ ಮಾತಾಡಿದ್ದು ಹಿರಿಯ ಸೊಸೆ, ಅವಳ ಓರಗಿತ್ತಿ. “ಮಾವ, ಕಲ್ಲು ಎಡಕ್ಕೆ ತಿರುಗುತ್ತೋ ಬಲಕ್ಕೆ ತಿರುಗುತ್ತೋ ಅಂತ ಯಾರಾದರೂ ಕೇಳಿ ಹಿಟ್ಟು ಒಯ್ದಿದ್ದಾರಾ? ನುಣ್ಣಗಿದ್ದರೆ ಸಾಕು” ಎಂದಳು. ಮಾವ ಅಂದಿನಿಂದ ಆ ಮಾತು ಎತ್ತಲಿಲ್ಲ. ಎಡಚಕ್ಕನೂ ಅಂದಿನಿಂದ ಆ ಓರಗಿತ್ತಿಯನ್ನು ‘ಅಕ್ಕ’ ಎಂದು ಕರೆದದ್ದು ಬಾಯಿಮಾತಿಗಲ್ಲ.

ಮಾವ ಹೋದರು, ಭಾವನೂ ತೀರಿಕೊಂಡರು. ಎಡಚಕ್ಕನ ಗಂಡ ಲಾರಿ ಓಡಿಸುವವನು. ಮನೆಗೆ ಬಂದಾಗ ನೆಂಟನ ಹಾಗೆ ಕೂತು ಉಂಡು, ಬಟ್ಟೆ ಒಗೆಸಿಕೊಂಡು ಮತ್ತೆ ಹೊರಡುತ್ತಿದ್ದ. ಗಿರಣಿ ನಡೆಸಿದವರು ಈ ಇಬ್ಬರು ಹೆಂಗಸರೇ. ಸದ್ದಿನ ನಡುವೆ ಕೂಗಿ ಕೂಗಿ ಸಾಕಾಗಿ, ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡುವುದನ್ನು ಇಬ್ಬರೂ ಸೇರಿಯೇ ಕಲಿತರು. ಆದರೆ ಸದ್ದು ತಂಗಿಯ ಕಿವಿಗೆ ಇಳಿದರೆ, ಹಿಟ್ಟಿನ ಧೂಳು ಅಕ್ಕನ ಎದೆಗೆ ಇಳಿಯಿತು. ಉಬ್ಬಸ ಹಿಡಿಯಿತು. ಡಾಕ್ಟರು ಗಿರಣಿಯ ಮೆಟ್ಟಿಲು ಇಳಿಯಬೇಡಿ ಎಂದ ಮೇಲೆ ಅಕ್ಕ ಮೇಲಿನ ಕೋಣೆಯ ಕಿಟಕಿಯಲ್ಲಿ ಕೂತು ಬೀದಿಗೆ ಕಾವಲಾದಳು.

ಗಿರಣಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬಂದವರು ತಮ್ಮ ಡಬ್ಬವನ್ನು ಸಾಲಿನ ಕೊನೆಯಲ್ಲಿ ಇಟ್ಟು ಹೋಗಬೇಕು. ಡಬ್ಬ ಎಲ್ಲಿದೆಯೋ ಅಲ್ಲೇ ಅವರ ಸರದಿ. “ಮನೇಲಿ ನೆಂಟರು ಕೂತಿದ್ದಾರೆ, ನಂದೊಂದು ಮುಂದೆ ಹಾಕಮ್ಮ” ಎಂದು ಯಾರೇ ಗೋಗರೆದರೂ ಎಡಚಕ್ಕ ಸೊಂಟದ ಮೇಲೆ ಕೈಯಿಟ್ಟು, “ನೆಂಟರಿಗೆ ನೀರು ಕೊಡಿ ಅಷ್ಟರಲ್ಲಿ” ಅನ್ನುವಳು. ಪೊಲೀಸಿನವನ ಡಬ್ಬವೂ ಸಾಲಿನಲ್ಲೇ, ಕಸ ಗುಡಿಸುವವಳ ಡಬ್ಬವೂ ಸಾಲಿನಲ್ಲೇ.

ಹೀಗಿರುವಾಗ ಆ ರೋಗ ಬಂತು. ಬಾಯಿಗೆ ಬಟ್ಟೆ ಬಂತು.

ಬೀದಿಗೆಲ್ಲ ಮಾಸ್ಕು ಹೊಲಿದುಕೊಟ್ಟವನು ಎದುರಿನ ಟೈಲರಣ್ಣ. ಮದುವೆ ಬಟ್ಟೆ ಹೊಲಿಸುವವರಿಲ್ಲದೆ ಅವನ ಅಂಗಡಿ ಬಣಗುಡುತ್ತಿತ್ತು; ಉಳಿದ ಲೈನಿಂಗ್ ಬಟ್ಟೆಯನ್ನೆಲ್ಲ ಮೂಗಿನ ಅಳತೆಗೆ ಕತ್ತರಿಸಿದ. ಒಳ್ಳೆಯವನು. ಕೈ ಎಷ್ಟು ಚುರುಕೋ ನಾಲಗೆಯೂ ಅಷ್ಟೇ ಚುರುಕು ಅನ್ನುವುದೊಂದೇ ಅವನ ಮೇಲಿನ ದೂರು. ಒಂದು ವಾರದೊಳಗೆ ಬೀದಿಯ ಬಾಯಿಗಳೆಲ್ಲ ಹೂವಿನ ಚಿತ್ರದ ಬಟ್ಟೆಯ ಹಿಂದೆ ಅಡಗಿದವು. ಎಡಚಕ್ಕನಿಗೆ ಲೋಕವೇ ಮೂಕವಾಯಿತು.

ಆಗಲೂ ಅವಳು ಬಾಯಿ ಬಿಡಲಿಲ್ಲ. ಗಿರಾಕಿಯ ಹುಬ್ಬು ನೋಡಿ, ಡಬ್ಬ ನೋಡಿ, ಕಳೆದ ಸಲ ಏನು ಕೇಳಿದ್ದರೆಂದು ನೆನೆದು, ಅಂದಾಜಿನ ಮೇಲೆ ಉತ್ತರ ಕೊಡತೊಡಗಿದಳು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ಇನ್ನೊಂದು ಸಲ, “ತರಿ ಇರಲಿ ಅಂದ್ರೆ ನುಣ್ಣಗೆ ಮಾಡಿಟ್ಟಿದ್ದೀರಲ್ಲ ಅಕ್ಕ” ಎಂದು ಗಿರಾಕಿ ಗೊಣಗಿದರೆ, ಅವಳು ಆ ಗೊಣಗಾಟವನ್ನು ಹೊಗಳಿಕೆ ಎಂದು ತಿಳಿದು, “ಮತ್ತೇನು, ನನ್ನ ಕಲ್ಲು ಅಂದ್ರೆ ಸುಮ್ನೇನಾ?” ಎಂದು ಬೀಗುವಳು.

ಅವಳಿಗೆ ಕಾಣಲು ಉಳಿದಿದ್ದ ಬಾಯಿ ಒಂದೇ. ಸಂಜೆ ಗಿರಣಿ ತೊಳೆದ ಮೇಲೆ ಅವಳು ಮೆಟ್ಟಿಲ ಬುಡದಲ್ಲಿ ಕೂರುವಳು, ಅಕ್ಕ ಮೆಟ್ಟಿಲ ತುದಿಯಲ್ಲಿ ಕೂರುವಳು. ನಡುವೆ ಅಷ್ಟು ಮೆಟ್ಟಿಲುಗಳ ಅಂತರ. ಅಕ್ಕ ಮಾಸ್ಕು ತೆಗೆದು, ದಿನವೆಲ್ಲ ಕಿಟಕಿಯಲ್ಲಿ ಕೂತು ಕೇಳಿದ್ದನ್ನು ದನಿಯಿಲ್ಲದೆ ಒಪ್ಪಿಸುವಳು. ಯಾರ ಮನೆಯಲ್ಲಿ ಜ್ವರ, ಯಾರನ್ನು ಆಸ್ಪತ್ರೆಗೆ ಒಯ್ದರು, ಯಾರು ತಿರುಗಿ ಬಂದರು, ಯಾರು ಬರಲಿಲ್ಲ. ಕೆಲವು ಸಂಜೆ ಅಕ್ಕನ ತುಟಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮಾತು ಸಾಲದೆ ಅಲ್ಲ, ಉಸಿರು ಸಾಲದೆ. ಆಗ ಎಡಚಕ್ಕ ಮೆಟ್ಟಿಲ ಕಟ್ಟೆಯ ಮೇಲೆ ಅಂಗೈ ಊರಿ ಕೂರುವಳು. ಈ ರೋಗ ಏನಾದರೂ ಈ ಮೆಟ್ಟಿಲು ಹತ್ತಿದರೆ ಅಕ್ಕ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಆಡಲಿಲ್ಲ.

ಲಸಿಕೆ ಬಂತೆಂಬ ಸುದ್ದಿಯೂ ಅಕ್ಕನ ತುಟಿಯಿಂದಲೇ ಬಂತು. ಬೀದಿಯ ಕೊನೆಯ ಶಾಲೆಯಲ್ಲಿ ಕೆಲವು ದಿನ ಹಾಕುತ್ತಾರಂತೆ, ಆಮೇಲೆ ಆ ತಂಡ ಬೇರೆ ಬಡಾವಣೆಗೆ ಹೋಗುತ್ತದಂತೆ, ಮತ್ತೆ ಯಾವಾಗಲೋ ಯಾರಿಗೂ ಗೊತ್ತಿಲ್ಲವಂತೆ.

“ಜನ ಏನಂತಾರೆ?” ಎಡಚಕ್ಕ ಕೇಳಿದಳು.

“ಜನಕ್ಕೇನು, ಬಾಯಿಗೊಂದು ಮಾತು. ಮೂಲೆ ಮನೆ ಮೇಷ್ಟ್ರು ಹೇಳ್ತಾರೆ, ಇಷ್ಟು ಬೇಗ ಕಂಡುಹಿಡಿದಿದ್ದು ಹೇಗೆ ಅಂತ. ಅವರೇ ಹೋದ ತಿಂಗಳು, ಇನ್ನೂ ಯಾಕೆ ಕಂಡುಹಿಡಿದಿಲ್ಲ ಅಂತ ಬೈತಿದ್ರು. ಹಾಲಿನವಳು ಹೇಳ್ತಾಳೆ, ಮೊದಲು ದೊಡ್ಡೋರು ಹಾಕಿಸ್ಕೊಳ್ಳಲಿ, ಅವರು ಬದುಕಿದ್ರೆ ನೋಡೋಣ ಅಂತ. ಟೈಲರಣ್ಣ ಅಂತೂ, ನನಗೆ ರೋಗ ಬಂದು ಹೋಗಿರಬೇಕು, ಹೋದ ವರ್ಷ ಒಂದು ಸೀನು ಬಂದಿತ್ತು ಅಂತಾನೆ.”

“ನೀನೇನಂತೀಯ ಅಕ್ಕ?”

ಅಕ್ಕ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. ಆಮೇಲೆ ತುಟಿ ಅಲುಗಿತು. “ಹೆದರಿಕೆ ಆಗುತ್ತೆ ಕಣೆ. ಮೊದಲೇ ಎದೆ ಹೀಗಿದೆ. ನೀನು ಹೋಗಿ ಬಾ. ನಿನಗೇನೂ ಆಗ್ಲಿಲ್ಲ ಅಂದ್ರೆ ನಾನೂ ಬರ್ತೀನಿ.”

“ಓಹೋ, ನನ್ನ ಮೇಲೆ ಪರೀಕ್ಷೆ ಮಾಡ್ತೀಯಾ?”

“ನೀನು ಗಟ್ಟಿ ಕಲ್ಲು. ಸವೆಯೋಳಲ್ಲ.”

ಎಡಚಕ್ಕ ಮರುದಿನವೇ ಹೋದಳು. ಆ ಬೀದಿಯಿಂದ ಹೋದ ಮೊದಲ ಹೆಂಗಸು ಅವಳೇ. ಶಾಲೆಯ ಕೋಣೆಯಲ್ಲಿ ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂರಿಸಿ ನರ್ಸಮ್ಮ ಏನೋ ಕೇಳಿದರು. ಮಾಸ್ಕಿನೊಳಗಿನ ಮಾತು ಅವಳಿಗೆ ಹೇಗೆ ತಿಳಿಯಬೇಕು? ನರ್ಸಮ್ಮ ಬರೆಯುವ ಹಾಗೆ ಕೈ ಆಡಿಸಿ ತೋರಿಸಿದರು. ಯಾವ ಕೈಯಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳುತ್ತಿದ್ದಾರೆಂದು ಗೊತ್ತಾಗಿ ಎಡಗೈ ಎತ್ತಿದಳು. ನರ್ಸಮ್ಮ ತಲೆಯಾಡಿಸಿ ಬಲತೋಳನ್ನು ಮುಟ್ಟಿದರು. ದುಡಿಯುವ ಕೈಗೆ ನೋವಾಗಬಾರದೆಂದು ಇನ್ನೊಂದಕ್ಕೆ ಚುಚ್ಚುತ್ತಾರೆ. ಎಡಚಕ್ಕನಿಗೆ ಆ ಕ್ಷಣ ನರ್ಸಮ್ಮ ಬಹಳ ಹಿಡಿಸಿದರು. ಹುಟ್ಟಿದಾರಭ್ಯ ಅವಳ ಎಡಗೈಗೆ ಇಷ್ಟು ಮರ್ಯಾದೆ ಕೊಟ್ಟವರು ಅಕ್ಕನನ್ನು ಬಿಟ್ಟರೆ ಇವರೊಬ್ಬರೇ.

ಬಲತೋಳು ಒಂದು ದಿನ ನೊಂದಿತು, ಮೈ ಸ್ವಲ್ಪ ಬೆಚ್ಚಗಾಯಿತು, ಹೋಯಿತು. ಅಕ್ಕ ಮೆಟ್ಟಿಲ ತುದಿಯಿಂದ ದಿನವೂ ಪರೀಕ್ಷೆ ಮಾಡಿದಳು. ಎದ್ದು ನಿಲ್ಲು ಅಂದಳು, ಮೂಟೆ ಎತ್ತು ಅಂದಳು, ನಾಲಗೆ ತೋರಿಸು ಅಂದಳು. ಕೊನೆಗೆ, “ಆಯ್ತು, ಕೊನೇ ದಿನ ಬರ್ತೀನಿ” ಎಂದು ಒಪ್ಪಿದಳು.

ಎಡವಟ್ಟಾಗಿದ್ದು ಈ ನಡುವೆ.

ಶನಿವಾರ ಎಡಗಡೆಯ ಯಂತ್ರ ಕೆಟ್ಟಿತು. ಮೊದಲು ಕಾಯಿತು, ಆಮೇಲೆ ನಡುಗಿತು, ಆಮೇಲೆ ನಿಂತೇಹೋಯಿತು. ರಿಪೇರಿ ಮೇಸ್ತ್ರಿ ಬಂದು ಇಣುಕಿ, ಒಳಗಿನ ಬೇರಿಂಗು ಸವೆದಿದೆ, ಹೊಸದು ಹೊರಗಿನಿಂದ ತರಿಸಬೇಕು ಎಂದು ಹೋದ. ಎಡಚಕ್ಕ ಬಲಗಡೆಯದರಲ್ಲಿ ಮೆಣಸಿನಕಾಯಿ ಹಾಕಿಕೊಂಡು, ನಿಂತ ಯಂತ್ರದ ಮೈಮೇಲೆ ಎಡ ಅಂಗೈ ಊರಿ, ಕಾವು ಆರಿತೋ ಇಲ್ಲವೋ ನೋಡುತ್ತಿದ್ದಳು. ಅಂಗೈಗೆಲ್ಲ ಕರಿಯ ಎಣ್ಣೆ ಮೆತ್ತಿತ್ತು. ಆಗ ಗೋಧಿ ಡಬ್ಬ ಹಿಡಿದು ಟೈಲರಣ್ಣ ಬಂದ.

ಟೈಲರಣ್ಣ ಕೇಳಿದ್ದು ಇಷ್ಟು: “ಏನಕ್ಕ, ಸೂಜಿ ಹಾಕಿಸ್ಕೊಂಡ್ರಂತೆ? ಹೇಗಿದೆ ಈಗ?”

ಎಡಚಕ್ಕನಿಗೆ ಕಂಡದ್ದು ಇಷ್ಟು: ಹೂವಿನ ಬಟ್ಟೆ ಉಬ್ಬಿತು, ತಗ್ಗಿತು, ಟೈಲರಣ್ಣನ ಕಣ್ಣು ತನ್ನ ಎಡಗಡೆಗೆ ಹೋಯಿತು. ಗೋಧಿ ತಂದವನು ಬೇರೆ ಏನನ್ನು ಕೇಳುತ್ತಾನೆ?

“ಎಡಗಡೇದು ಹೋಯ್ತು ಟೈಲರಣ್ಣ” ಎಂದಳು.

“ಹೋಯ್ತಾ!”

“ಬೆಳಿಗ್ಗೆಯಿಂದ ಹೀಗೇ. ಮೊದಲು ಬಿಸಿ ಏರಿತು. ಆಮೇಲೆ ನಡುಕ ಶುರುವಾಯ್ತು. ಆಮೇಲೆ ನಿಂತೇ ಹೋಯ್ತು.”

ಟೈಲರಣ್ಣನ ಕಣ್ಣು ಗುಂಡಗಾದವು. “ಡಾಕ್ಟರಿಗೆ ತೋರಿಸಿದ್ರಾ?”

ಮೇಸ್ತ್ರಿ ಬಂದಿದ್ದನಾ ಎಂದು ಕೇಳುತ್ತಿರಬೇಕು. “ಬಂದು ನೋಡಿದ. ಒಳಗೆ ಪೂರಾ ಸವೆದಿದೆಯಂತೆ. ಬಿಚ್ಚಿ ತೆಗೀಬೇಕು ಅಂದ. ಹೊಸದು ಇಲ್ಲಿ ಸಿಗಲ್ಲ, ಹೊರಗಡೆಯಿಂದ ತರಿಸ್ಬೇಕು.”

“ಅಯ್ಯೋ ದೇವರೇ! ಬಲಗಡೇದು?”

‘ಬಲಗಡೆ’ ಎಂದು ಅವನ ಕತ್ತು ಹೇಳಿತು. ಅಷ್ಟು ಮಾತ್ರ ಅವಳಿಗೆ ಸರಿಯಾಗಿ ತಿಳಿಯಿತು. “ಬಲಗಡೆ ಬರೀ ಖಾರ. ನೋಡ್ತಿದ್ದೀರಲ್ಲ, ಕಣ್ಣಲ್ಲಿ ನೀರು ಬರ್ತಿದೆ.”

ಮೆಣಸಿನಪುಡಿಯ ಘಾಟಿಗೆ ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆಮೇಲೆ ಅವಳು, ಎಡಗೈಗೆ ಎಣ್ಣೆಯಾಗಿದೆ ಎಂದು, ಬಲಗೈಯಿಂದ ಅವನ ಡಬ್ಬವನ್ನು ಹಿಂದಕ್ಕೆ ತಳ್ಳಿ, “ಸರಿಹೋದ ಮೇಲೆ ಹೇಳಿ ಕಳಿಸ್ತೀನಿ” ಎಂದಳು. ಟೈಲರಣ್ಣ ಆ ಬಲಗೈಯನ್ನೇ ನೋಡಿದ. ಎಡಚಕ್ಕ ಬಲಗೈಯಿಂದ ಡಬ್ಬ ಕೊಟ್ಟದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎಡಗೈ ಯಂತ್ರಕ್ಕೆ ಆನಿಸಿದ್ದು ಆನಿಸಿದ ಹಾಗೆಯೇ ಇತ್ತು, ಅಲುಗಲಿಲ್ಲ. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಟೈಲರಣ್ಣನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಅವನು ನಿಜವಾಗಿ ಮರುಗಿದ. ಮರುಗಿದ್ದನ್ನು ಅಂಗಡಿಗೆ ಬಂದ ಒಬ್ಬೊಬ್ಬರಿಗೂ ಹೇಳಿಕೊಂಡು ಇನ್ನಷ್ಟು ಮರುಗಿದ. ಅಳತೆಪಟ್ಟಿಯನ್ನು ಗಿರಾಕಿಯ ಎಡತೋಳಿಗೆ ಹಿಡಿದು, “ಇಲ್ಲಿಂದ ಇಲ್ಲೀವರೆಗೂ ಹೋಯ್ತಂತೆ” ಎಂದು ತೋರಿಸಿದ. ಸಂಜೆಯ ಹೊತ್ತಿಗೆ ತೋಳು ತೆಗೆಯುವುದು ನಿಶ್ಚಯವಾಗಿತ್ತು. ಮರುದಿನಕ್ಕೆ ಹೊಸ ತೋಳು ಹಡಗಿನಲ್ಲಿ ಹೊರಟಿತ್ತು. ಕಿಟಕಿಯಲ್ಲಿ ಕೂತ ಅಕ್ಕನಿಗೆ ಬೀದಿಯ ಯಾವ ಸುದ್ದಿಯೂ ತಪ್ಪುತ್ತಿರಲಿಲ್ಲ, ಆದರೆ ಈ ಸುದ್ದಿ ಗಿರಣಿಯ ಮುಂದೆ ಬಂದ ಕೂಡಲೇ ದನಿ ತಗ್ಗಿಸಿ ಸರಿದುಹೋಗುತ್ತಿತ್ತು. ಹಾಲಿನವಳು ಹಾಲನ್ನು ಬಾಗಿಲಲ್ಲಿ ಇಡದೆ ಒಳಗೇ ತಂದಿಟ್ಟಳು. ಮೇಷ್ಟ್ರು ನೀರಿನ ಬಿಂದಿಗೆಯನ್ನು ಎಡಚಕ್ಕನ ಕೈಯಿಂದ ಕಸಿದು ತಾವೇ ಹೊತ್ತು ತಂದರು. ಯಂತ್ರ ಕೆಟ್ಟಿದ್ದಕ್ಕೆ ಜನ ಇಷ್ಟು ಅಕ್ಕರೆ ತೋರಿಸುತ್ತಾರಲ್ಲ ಎಂದು ಎಡಚಕ್ಕನ ಮನಸ್ಸು ತುಂಬಿಬಂತು.

ಕೊನೆಯ ದಿನ ಬಂತು. ಅಕ್ಕ ಒಗೆದ ಸೀರೆ ಉಟ್ಟು, ಒಂದರ ಮೇಲೊಂದು ಮಾಸ್ಕು ಹಾಕಿ, ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಕೆಳಗಿಳಿದಳು. ವರ್ಷದ ಮೇಲೆ ಅವಳು ಬೀದಿಯ ನೆಲ ಮುಟ್ಟಿದ್ದು ಅಂದು. ಇಬ್ಬರೂ ನಿಧಾನವಾಗಿ ಶಾಲೆಗೆ ನಡೆದರು. ಅಂಗಳ ಖಾಲಿ. ಕೋಣೆಯಲ್ಲಿ ನರ್ಸಮ್ಮ ಒಬ್ಬರೇ, ಮುಂದೆ ತಣ್ಣನೆಯ ಪೆಟ್ಟಿಗೆ, ಮುಚ್ಚಳ ಹಾಕಿದ್ದು.

ನರ್ಸಮ್ಮ ಬಹಳ ಹೊತ್ತು ಏನೋ ಹೇಳಿದರು. ಅಕ್ಕನ ಹೆಗಲು ಇಳಿಯುತ್ತ ಹೋದದ್ದು ಎಡಚಕ್ಕನಿಗೆ ಕಂಡಿತು. ಅಕ್ಕ ಅಂಗಳದ ಆ ತುದಿಗೆ ಹೋಗಿ ನಿಂತು ಮಾಸ್ಕು ಕೆಳಗಿಳಿಸಿದಳು.

“ಒಬ್ಬರಿಗೋಸ್ಕರ ಬಾಟಲಿ ತೆಗೆಯೋ ಹಾಗಿಲ್ಲವಂತೆ. ಒಂದು ತೆಗೆದರೆ ಹತ್ತು ಜನಕ್ಕೆ ಹಾಕ್ಬೇಕು, ಇಲ್ಲದಿದ್ರೆ ಉಳಿದಿದ್ದು ಹಾಳು. ಎರಡು ದಿನದಿಂದ ಒಂದು ನರಪಿಳ್ಳೆ ಬಂದಿಲ್ಲವಂತೆ. ಮಧ್ಯಾಹ್ನಕ್ಕೆ ಪೆಟ್ಟಿಗೆ ವಾಪಸ್ಸು.”

“ಯಾಕೆ ಬಂದಿಲ್ಲ?”

“ಈ ಬೀದೀಲಿ ಯಾರಿಗೋ ಸೂಜಿ ಹಾಕಿಸ್ಕೊಂಡು ಕೈ ಹೋಯ್ತಂತೆ. ಗಿರಣಿಯವಳಂತೆ.”

“ಗಿರಣಿಯವಳು ಅಂದ್ರೆ ನಾನಲ್ವಾ?”

“ನೀನೇ. ಎಡಗೈಯಂತೆ.”

“ಸೂಜಿ ಹಾಕಿದ್ದು ಬಲಗೈಗಲ್ವಾ!”

ಅದನ್ನು ಕೇಳಿ ನರ್ಸಮ್ಮ ತಿರುಗಿ ನೋಡಿದರು. ಎಡಗೈ ಎತ್ತಿ ತೋರಿಸಿದ್ದ ಹೆಂಗಸು ಇವಳೇ ಎಂದು ಅವರಿಗೆ ನೆನಪಾಯಿತು. ಎಡಚಕ್ಕ ಅಲ್ಲೇ ನಿಂತು ಹಿಂದಕ್ಕೆ ಹಿಂದಕ್ಕೆ ಯೋಚಿಸಿದಳು. ಹಾಲಿನವಳು. ಬಿಂದಿಗೆ. ಗುಂಡಗಾದ ಕಣ್ಣು. ಎಡಗಡೇದು ಹೋಯ್ತು. ಬಲಗಡೆ ಬರೀ ಖಾರ. ತನ್ನ ಬಾಯಿಂದ ಬಿದ್ದ ಮಾತೇ ಅಕ್ಕನ ಸೂಜಿಗೆ ಅಡ್ಡ ಬಂದು ಕೂತಿತ್ತು.

“ಅಕ್ಕ, ನೀನು ಇಲ್ಲೇ ನೆರಳಲ್ಲಿ ಕೂತಿರು. ನರ್ಸಮ್ಮಾ, ಪೆಟ್ಟಿಗೆ ಎತ್ತಬೇಡಿ. ಬಂದೆ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಟೈಲರಣ್ಣನ ಅಂಗಡಿಯ ಮುಂದೆ ಎಂದಿನಂತೆ ಜನ ಇದ್ದರು. ಟೈಲರಣ್ಣ ಹೊಲಿಗೆ ಯಂತ್ರವನ್ನು ಮೇಜಿನಿಂದ ಬಿಚ್ಚಿ, ಎಣ್ಣೆ ಹಾಕಲು ಹಲಗೆಯ ಮೇಲೆ ಇಟ್ಟುಕೊಂಡಿದ್ದ. ಎಡಚಕ್ಕನನ್ನು ಕಂಡ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡಿದರು. ಹೂವಿನ ಬಟ್ಟೆ, ಗೆರೆಯ ಬಟ್ಟೆ, ಚುಕ್ಕಿಯ ಬಟ್ಟೆ, ಎಲ್ಲ ಉಬ್ಬಿದವು, ತಗ್ಗಿದವು. ಒಂದಕ್ಷರವೂ ಅವಳಿಗೆ ತಿಳಿಯಲಿಲ್ಲ. ಇನ್ನು ಅಂದಾಜಿನ ಮೇಲೆ ಉತ್ತರ ಕೊಡುವ ಧೈರ್ಯ ಅವಳಿಗಿರಲಿಲ್ಲ. ಬಾಯಿ ತೆರೆದರೆ ಈ ಸಲ ಕಾಲೂ ಹೋದೀತು.

ಅವಳು ಒಂದು ಮಾತೂ ಆಡಲಿಲ್ಲ. ನೇರ ಅಂಗಡಿಯೊಳಗೆ ಹೋಗಿ, ಆ ಕಬ್ಬಿಣದ ಹೊಲಿಗೆ ಯಂತ್ರದ ನಡುವಿಗೆ ಎಡಗೈ ಹಾಕಿ, ಎತ್ತಿ, ಎಡಹೆಗಲ ಮೇಲೆ ಕೂರಿಸಿಕೊಂಡು ಬೀದಿಗಿಳಿದು ನಡೆದೇಬಿಟ್ಟಳು.

ಒಂದು ಗಳಿಗೆ ಯಾರೂ ಅಲುಗಲಿಲ್ಲ. ಆಮೇಲೆ ಟೈಲರಣ್ಣ ಕತ್ತಿನಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡು, ಒಂದೇ ಚಪ್ಪಲಿಯಲ್ಲಿ ಓಡಿಬಂದ. “ಅಕ್ಕಾ, ನನ್ನ ಮಿಷಿನ್ನು! ಅಕ್ಕಾ!” ಅವನ ಹಿಂದೆ ಮೇಷ್ಟ್ರು ಬಂದರು. ಹಾಲಿನವಳು ಕ್ಯಾನು ಅಲ್ಲೇ ಬಿಟ್ಟು ಬಂದಳು. ಕಿಟಕಿಗಳು ತೆರೆದವು, ಬಾಗಿಲುಗಳು ತೆರೆದವು. “ಯಾವ ಕೈ ನೋಡ್ರೋ ಅದು?” “ಎಡಗೈಯೇ!” “ಹೋಯ್ತು ಅಂದಿದ್ರಲ್ಲ?” “ಇದೇ ಹೋಗಿರೋ ಕೈಯಾದ್ರೆ ನನಗೂ ಒಂದು ಕೊಡಿಸ್ರಪ್ಪ!” ಎಡಚಕ್ಕನಿಗೆ ಇದಾವುದೂ ಕೇಳಿಸಲಿಲ್ಲ. ಅವಳು ತಿರುಗಿಯೂ ನೋಡಲಿಲ್ಲ. ಆದರೆ ಬೆನ್ನ ಹಿಂದೆ ನೆಲ ಅದುರುವುದು ಅಂಗಾಲಿಗೆ ತಿಳಿಯುತ್ತಿತ್ತು. ಜನ ಬರುತ್ತಿದ್ದರು. ಅವಳು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡಳು. ಮಾವ ಇದ್ದಿದ್ದರೆ ನೋಡಬೇಕಿತ್ತು.

ಶಾಲೆಯ ಅಂಗಳದ ಕಟ್ಟೆಯ ಮೇಲೆ ಯಂತ್ರ ಇಳಿಸಿ, ತಿರುಗಿ ನಿಂತಳು. ಅರ್ಧ ಬೀದಿಯೇ ಅಂಗಳದಲ್ಲಿತ್ತು. ಮರದ ಕೆಳಗೆ ಅಕ್ಕ ಎದ್ದು ನಿಂತಿದ್ದಳು. ಕೈ ತೋರಿಸಿಯಾಗಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಟೈಲರಣ್ಣ ಸುಳ್ಳು ಹೇಳಿದ ಅಂದುಬಿಟ್ಟಿದ್ದರೆ ಎಲ್ಲರೂ ನಂಬುತ್ತಿದ್ದರು. ಟೈಲರಣ್ಣನೂ ಅದಕ್ಕೇ ಕಾದವನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಅವಳು ಹೇಳಿದ್ದನ್ನೇ ಹೇಳಿದ್ದ. ದೇವರು ನೋಡುತ್ತಿರುವಾಗ ಅವನ ತಲೆಯ ಮೇಲೆ ಹೊರಿಸುವುದು ಹೇಗೆ?

“ನನಗೆ ಕಿವಿ ಕೇಳಿಸಲ್ಲ” ಎಂದಳು ಎಡಚಕ್ಕ.

ತನ್ನ ದನಿ ಎಷ್ಟು ಜೋರಾಗಿ ಬಂತೆಂದು ಅವಳಿಗೆ ಗೊತ್ತಾಗಲಿಲ್ಲ. ಎದುರಿನ ಕಣ್ಣುಗಳೆಲ್ಲ ಒಮ್ಮೆಗೇ ಅಗಲವಾದುದನ್ನು ನೋಡಿ ಜೋರಾಗಿಯೇ ಬಂದಿರಬೇಕು ಅಂದುಕೊಂಡಳು.

“ಇವತ್ತು ನಿನ್ನೆಯಿಂದಲ್ಲ, ಬಹಳ ವರ್ಷದಿಂದ. ನಿಮ್ಮ ಬಾಯಿ ನೋಡಿ ಮಾತು ಹಿಡೀತಿದ್ದೆ. ನೀವು ಬಾಯಿ ಮುಚ್ಕೊಂಡ್ರಿ, ನಾನು ಅಂದಾಜಲ್ಲಿ ನಡೆಸಿದೆ. ಟೈಲರಣ್ಣ ಕೈ ಹೇಗಿದೆ ಅಂತ ಕೇಳಿರ್ಬೇಕು, ನಾನು ಮಿಷಿನ್ ಹೋಯ್ತು ಅಂದೆ. ಹೋಗಿದ್ದು ಎಡಗಡೆ ಮಿಷಿನ್ನು. ಬೇರಿಂಗು. ಹೋಗಿ ನೋಡ್ಕೊಂಡು ಬನ್ನಿ ಬೇಕಾದ್ರೆ. ಸೂಜಿ ಹಾಕಿದ್ದು ಈ ಬಲಗೈಗೆ, ದುಡಿಯೋ ಕೈಗೆ ಹಾಕಲ್ಲ ಅಂತ. ಎಡಚಿ ಅಂತ ಕರೆಯೋ ನೀವೇ ಅದನ್ನ ಮರೆತ್ರಲ್ಲ!”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಷ್ಟರಲ್ಲಿ ಟೈಲರಣ್ಣನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ಎಡಚಕ್ಕ ನೋಡುತ್ತಿದ್ದ ಹಾಗೆಯೇ ಅವನು ಹೊಟ್ಟೆ ಹಿಡಿದುಕೊಂಡು ಬಗ್ಗಿದ. “ಬಲಗಡೆ ಬರೀ ಖಾರ!” ಎಂದು ಪಕ್ಕದವರಿಗೆ ಹೇಳಿದ. ನಗು ಹಾಲಿನವಳಿಗೆ ಹತ್ತಿತು, ಮೇಷ್ಟ್ರಿಗೆ ಹತ್ತಿತು, ಕೊನೆಗೆ ಗೋಡೆಯಾಚೆ ಇಣುಕುತ್ತಿದ್ದವರಿಗೂ ಹತ್ತಿತು. ಎಡಚಕ್ಕನೂ ನಕ್ಕಳು. ಇಷ್ಟು ವರ್ಷ ಹೊತ್ತಿದ್ದ ಮೂಟೆ ಹೊಲಿಗೆ ಯಂತ್ರಕ್ಕಿಂತ ಭಾರವಿತ್ತೆಂದು ಇಳಿಸಿದ ಮೇಲೆ ಗೊತ್ತಾಯಿತು.

“ನಗ್ತಾ ನಿಂತ್ರೆ ಪೆಟ್ಟಿಗೆ ಹೋಗುತ್ತೆ” ಎಂದು ಅಕ್ಕ ಮರದ ಕೆಳಗಿನಿಂದ ಏದುಸಿರಿನಲ್ಲೇ ಕೂಗಿದಳು. “ಟೈಲರಣ್ಣ, ಮೊದಲು ನೀನು ನಡಿ.”

“ನನಗಾ? ನನಗೆ ಸೂಜಿ ಅಂದ್ರೆ…”

“ಹುಟ್ಟಿದಾಗಿಂದ ಸೂಜಿ ಹಿಡಿದು ಬದುಕಿದೋನು! ನೀನು ಚುಚ್ಚುವಾಗ ಬಟ್ಟೆ ಏನಾದರೂ ಅಂದಿತ್ತಾ?”

ಟೈಲರಣ್ಣ ಹೋದ. ಹಾಲಿನವಳು ಹೋದಳು. ಮೇಷ್ಟ್ರು, ಇಷ್ಟು ಬೇಗ ಕಂಡುಹಿಡಿದದ್ದು ಹೇಗೆ ಎಂದು ನರ್ಸಮ್ಮನನ್ನೇ ಕೇಳುತ್ತ ತೋಳು ಮಡಿಸಿದರು. ಬಾಟಲಿ ತೆರೆಯುವಷ್ಟು ಜನ ಆಯಿತು. ನರ್ಸಮ್ಮ ಅಕ್ಕನ ತೋಳನ್ನು ಒರೆಸಿದಾಗ ಎಡಚಕ್ಕ ಬಾಗಿಲಲ್ಲಿ ನಿಂತು ಗೋಡೆಗೆ ಅಂಗೈ ಊರಿದ್ದಳು. ತುಟಿ ಅಲುಗುತ್ತಿತ್ತು. ಈ ಸಲ ಅದು ಪೂರಾ ಪ್ರಾರ್ಥನೆಯೇ.

ಒಂದು ಬಾಟಲಿಯ ಜಾಗದಲ್ಲಿ ಅಂದು ಇನ್ನೂ ಹಲವು ಬಾಟಲಿಗಳು ತೆರೆದವು. ಆ ಬೀದಿಗೆ ಎರಡನೇ ಸಲವೂ ಬರುತ್ತೇವೆಂದು ತಂಡ ಹೇಳಿಹೋಯಿತು. ಎಡಗಡೆಯ ಯಂತ್ರಕ್ಕೆ ಹೊಸ ಬೇರಿಂಗು ಬಂತು. ಗಿರಣಿಗೆ ಬರುವವರು ಈಗ ಡಬ್ಬ ಇಟ್ಟು, ಬೀದಿಯ ಆಚೆ ಬದಿಗೆ ಹೋಗಿ, ಮಾಸ್ಕು ಇಳಿಸಿ, ಬಾಯಿ ಅಗಲಿಸಿ, “ತ-ರಿ ಇ-ರ-ಲಿ” ಎಂದು ಹೇಳಿ, ಮತ್ತೆ ಮಾಸ್ಕು ಏರಿಸಿಕೊಂಡು ಬರುತ್ತಿದ್ದರು. ಟೈಲರಣ್ಣ ಮಾತ್ರ ತನ್ನ ಮಾಸ್ಕಿನ ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕಿಟಕಿ ಹೊಲಿದುಕೊಂಡ. ಅವನ ಮೀಸೆ ಬೆವರಿ ಅದರೊಳಗೆ ಒದ್ದೆ ಬೆಕ್ಕಿನ ಹಾಗೆ ಕಾಣುತ್ತಿತ್ತು. ಅವಳಿಗೆ ಆ ಮೀಸೆಯ ಕೆಳಗಿನ ಮಾತು ತಿಳಿಯುತ್ತಿತ್ತು, ಅಷ್ಟು ಸಾಕು.

ಎರಡನೇ ಸಲದ ದಿನ ಸಾಲು ಶಾಲೆಯ ಗೇಟು ದಾಟಿ ಬೀದಿಗೆ ಬಂದಿತ್ತು. ಎಡಚಕ್ಕ ಬೆಳಿಗ್ಗೆ ಯಂತ್ರಗಳಿಗೆ ಅಂಗೈ ಇಟ್ಟು, ಗಿರಣಿಗೆ ಬೀಗ ಹಾಕಿ, ಅಕ್ಕನನ್ನು ನೆರಳಿನ ಬೆಂಚಿನಲ್ಲಿ ಕೂರಿಸಿ, ತಾನು ಸಾಲಿನ ಕೊನೆಯಲ್ಲಿ ನಿಂತಳು. ಬಿಸಿಲು ಏರಿತ್ತು. ಬೀದಿ ಬದಿಯ ಕೋಣೆಯ ಕಿಟಕಿಯಿಂದ ನರ್ಸಮ್ಮ ಅವಳನ್ನು ಕಂಡರು. ಕಂಡವರೇ ಕಿಟಕಿಯ ಗಾಜಿನ ಬಾಗಿಲು ಮುಚ್ಚಿ, ಅದರ ಹಿಂದೆ ನಿಂತು ಮಾಸ್ಕು ಇಳಿಸಿದರು. ಎಡಚಕ್ಕ ಅವರ ಬಾಯಿ ನೋಡಿದ್ದು ಅದೇ ಮೊದಲು. ಮುಂದಿನ ಹಲ್ಲಿನಲ್ಲಿ ಸಣ್ಣ ಸಂದು, ನಗುವಾಗ ಚಿಕ್ಕ ಹುಡುಗಿಯ ಹಾಗೆ.

“ನೀವು ಯಾಕೆ ಅಲ್ಲಿ ನಿಂತಿದ್ದೀರಿ? ಮುಂದೆ ಬನ್ನಿ” ಎಂದರು ನರ್ಸಮ್ಮ, ಒಂದೊಂದೇ ಮಾತು ಬಿಡಿಸಿ. “ಈ ಸಾಲು ಬಂದಿದ್ದೇ ನಿಮ್ಮಿಂದ. ಮೊದಲು ನಿಮಗೆ ಹಾಕಿ ಕಳಿಸ್ತೀನಿ.”

ಸಾಲಿನವರು ತಿರುಗಿ, ದಾರಿ ಬಿಟ್ಟು ಸರಿದರು. ಟೈಲರಣ್ಣ ತನ್ನ ಕಿಟಕಿಯೊಳಗಿಂದ, “ಹೋಗಿ ಅಕ್ಕ, ಹೋಗಿ” ಎಂದ. ಹಾಲಿನವಳು ಅವಳ ಬೆನ್ನಿಗೆ ಕೈ ಹಾಕಿ ಮೆಲ್ಲಗೆ ತಳ್ಳಿದಳು.

ಎಡಚಕ್ಕ ಕಾಲು ಊರಿ ನಿಂತಳು. ಎಡಗೈಯನ್ನು ಸೊಂಟದ ಮೇಲಿಟ್ಟಳು.

“ಬೇಡಮ್ಮ” ಎಂದಳು. “ನನ್ನ ಮುಂದೆ ಇಷ್ಟು ಡಬ್ಬ ಇವೆ. ಅವು ಮುಗೀಲಿ.”